ಅಟ್ಟದ ಕೆಳಗಿನ ಫ್ರೆಂಚ್

ಒಣಗಿದ ತೆಂಗಿನಕಾಯಿಯನ್ನು ಕಿವಿಯ ಪಕ್ಕ ಹಿಡಿದು ಅಲ್ಲಾಡಿಸಿದರೆ ಒಳಗಿನ ಕೊಬ್ಬರಿ ಗಿಟುಕು ಚಿಪ್ಪಿಗೆ ಬಡಿಯುತ್ತದಲ್ಲ, ಆ ಸದ್ದು ಎಲ್ಲಿ ಕೇಳಿದರೂ ನಾನು ಈಗಲೂ ತಿರುಗಿ ತಾತನ ಮುಖ ಹುಡುಕುತ್ತೇನೆ. ಹೋದ ತಿಂಗಳು ತಿಪಟೂರಿನ ಅಂಗಡಿಯೊಂದರ ಮುಂದೆ ಚಿಕ್ಕಪ್ಪ ಹಾಗೆ ಒಂದು ಕಾಯಿ ಅಲ್ಲಾಡಿಸಿ, ಅಂಗಡಿಯವನಿಗೆ ತಮ್ಮ ಹಳೆಯ ಕಥೆಯನ್ನು ಶುರುಮಾಡಿದರು. "ನಮ್ಮಪ್ಪನ ಕಿವಿ ಅಂದ್ರೆ ಕಿವಿ ಕಣ್ರೀ. ಕೊನೇ ವರ್ಷದಗಂಟ ಒಂದ್ ಕಾಯಿ ತಪ್ಪಲಿಲ್ಲ. ಈ ನಮ್ಮುಡುಗಿ ಫ್ರೆಂಚ್ ಪಾಸಾಗಿದ್ದೂ ಅದೇ ಕಿವಿಯಿಂದ." ಅಂಗಡಿಯವನು ನಕ್ಕ. ನಾನೂ ನಕ್ಕೆ. ಚರ್ಚಾಸ್ಪರ್ಧೆಯ ವೇದಿಕೆಯಾಗಿದ್ದರೆ ಅಲ್ಲೇ ಎದ್ದು ನಿಲ್ಲುತ್ತಿದ್ದೆ. ಮಾನ್ಯರೇ, ಎರಡು ಮಾತು ಹೇಳಿದಿರಿ, ಎರಡಕ್ಕೂ ಸಾಕ್ಷಿಯಿಲ್ಲ. ನನ್ನ ಹತ್ತಿರ ಇರುವ ಸಾಕ್ಷಿಯಾದರೋ ಬೇರೆಯದನ್ನೇ ಹೇಳುತ್ತದೆ. ಅದನ್ನು ಇಷ್ಟು ದಿನ ಯಾರಿಗೂ ಹೇಳಿಲ್ಲ.

ಕಿಬ್ಬನಹಳ್ಳಿಯಿಂದ ಒಳಗೆ ಎರಡು ಮೈಲಿ, ತೋಟದ ನಡುವೆ ತಾತನ ಮನೆ. ಅಪ್ಪ ಅಮ್ಮ ಅಮ್ಮಸಂದ್ರದಲ್ಲಿದ್ದರು. ತಿಪಟೂರಿನ ಕಾಲೇಜಿಗೆ ಕಿಬ್ಬನಹಳ್ಳಿಯಿಂದ ಬಸ್ಸು ಅನುಕೂಲವೆಂದು ಪಿಯುಸಿಯ ಎರಡು ವರ್ಷ ನನ್ನನ್ನು ತಾತನ ಮನೆಯಲ್ಲಿ ಬಿಟ್ಟಿದ್ದರು. ಆ ಮನೆಯಲ್ಲಿ ನಾವು ಮನುಷ್ಯರು ಕೆಳಗಿದ್ದೆವು, ಕಾಯಿಗಳು ಮೇಲಿದ್ದವು. ಪಡಸಾಲೆಯ ಉದ್ದಕ್ಕೂ ಅಟ್ಟ. ಅದರ ಮೇಲೆ ಒಂದು ವರ್ಷದ ಫಸಲು ಸಿಪ್ಪೆಯ ಸಮೇತ ಮಲಗಿರುತ್ತಿತ್ತು. ಹತ್ತು ಹನ್ನೊಂದು ತಿಂಗಳು ಅದನ್ನು ಯಾರೂ ಮುಟ್ಟುವಂತಿಲ್ಲ. ಒಳಗಿನ ನೀರು ತನ್ನಷ್ಟಕ್ಕೆ ಆರಬೇಕು, ತಿರುಳು ತನ್ನಷ್ಟಕ್ಕೆ ಚಿಪ್ಪನ್ನು ಬಿಡಬೇಕು. ಒಲೆಯ ಹೊಗೆ, ನಾರಿನ ಧೂಳು, ಮಾಗಿದ ಎಣ್ಣೆಯ ಸಿಹಿ ಕಮಟು ಎಲ್ಲ ಸೇರಿದ ಒಂದು ವಾಸನೆ ನನ್ನ ಸಮವಸ್ತ್ರದಲ್ಲೂ ನೋಟ್‌ಬುಕ್ಕಿನ ಹಾಳೆಗಳಲ್ಲೂ ಇಳಿದಿತ್ತು. ನೀವೂ ಇಂಥ ಅಟ್ಟದ ಕೆಳಗೆ ದಿನ ಕಳೆದಿದ್ದರೆ ಆ ವಾಸನೆಯನ್ನು ನಾನು ವಿವರಿಸಬೇಕಾಗಿಲ್ಲ, ಕಳೆದಿಲ್ಲವಾದರೆ ಎಷ್ಟು ವಿವರಿಸಿದರೂ ಅಷ್ಟೇ. ಅಟ್ಟ ಇಳಿಸುವ ದಿನವನ್ನು ಹೇಳುವುದು ತಾತನ ಕಿವಿ. ಅವಸರಪಟ್ಟು ಇಳಿಸಿ ಒಡೆದರೆ ತಿರುಳು ಚಿಪ್ಪಿಗೆ ಅಂಟಿಕೊಂಡು ಚೂರಾಗುತ್ತದೆ, ಉಳಿದದ್ದು ಬೂಷ್ಟು ಹಿಡಿಯುತ್ತದೆ. ವರ್ಷದ ಬೆಳೆಯೆಲ್ಲ ಆ ಒಂದು ಮಾತಿನ ಮೇಲೆ ಕೂತಿರುತ್ತಿತ್ತು.

ಫ್ರೆಂಚ್ ನನ್ನ ಆಯ್ಕೆಯಲ್ಲ. ಎರಡನೇ ಭಾಷೆಯಾಗಿ ಅದನ್ನು ತೆಗೆದುಕೊಂಡರೆ ಅಂಕ ಸುರಿಯುತ್ತದೆ ಎಂದು ಅಪ್ಪನಿಗೆ ಯಾರೋ ಹೇಳಿದ್ದರು. ಊರೂರು ಸುತ್ತಿ ಕನ್ನಡದಲ್ಲಿ ವಾದಿಸಿ ಷೀಲ್ಡ್ ತಂದಿದ್ದ ನಾನು ಒಂದು ಅರ್ಜಿಯ ಕಾಲಮ್ಮಿನಲ್ಲಿ ಕನ್ನಡವನ್ನು ಬಿಟ್ಟುಬಿಟ್ಟೆ. "ಭಾಷ್ಣಕ್ಕೆ ಕನ್ನಡ, ಪರೀಕ್ಷೆಗೆ ಫ್ರೆಂಚು! ನೀನೂ ಮಂತ್ರಿ ಆಯ್ತೀಯ ಬುಡು," ಎಂದರು ಚಿಕ್ಕಪ್ಪ. ತರಗತಿಯಲ್ಲಿ ನಾವು ಐದು ಜನ. ಮೇಡಂ ವಾರಕ್ಕೆ ಎರಡು ದಿನ ತುಮಕೂರಿನಿಂದ ರೈಲಿನಲ್ಲಿ ಬರುತ್ತಿದ್ದರು. ರೈಲು ತಡವಾದರೆ ಪಾಠವೂ ಅರ್ಧ. ಉಳಿದದ್ದನ್ನು ನಾವೇ ಉರುಹೊಡೆಯಬೇಕು.

ಹಾಗೆ ನಾನು ಬೆಳಗಿನ ಹೊತ್ತು ಅಟ್ಟದ ಕೆಳಗೆ ಕೂತು ಗಟ್ಟಿಯಾಗಿ ಓದುವುದು ಶುರುವಾಯಿತು. ತಾತ ಕಂಬಕ್ಕೆ ಒರಗಿ, ಕಾಫಿಯ ಲೋಟ ಹಿಡಿದು, ಕಣ್ಣು ಕಿರಿದು ಮಾಡಿ ನನ್ನ ತುಟಿಗಳನ್ನೇ ನೋಡುತ್ತ ಕೂರುತ್ತಿದ್ದ. ಮುಗಿದ ಮೇಲೆ ತೀರ್ಪು. "ಇನ್ನೂ ನೀರೈತೆ ಕಣವ್ವ." ಕೆಲವು ದಿನ, "ಬುಡ್ತಾ ಐತೆ." ತುಂಬ ಅಪರೂಪಕ್ಕೆ, "ಇವತ್ತು ಗಿಟುಕು." ನನಗೆ ರೇಗುತ್ತಿತ್ತು. "ಒಂದಕ್ಷರ ಬರದೇ ಇರೋ ಭಾಷೆ ತಾತ ಅದು. ಸರಿಯೋ ತಪ್ಪೋ ನಿನಗೆ ಹೆಂಗೆ ಗೊತ್ತಾಯ್ತದೆ?" ತಾತ ಲೋಟ ಕೆಳಗಿಟ್ಟು ಹೇಳಿದ, "ಕಾಯಿ ಭಾಷೆ ನಂಗೆ ಬತ್ತದಾ? ಅಲ್ಲಾಡ್ಸಿದ್ರೆ ತಿಳೀತದೆ." ಆವರೆಗೆ ನನ್ನನ್ನು ವಾದದಲ್ಲಿ ಅಷ್ಟು ಸಲೀಸಾಗಿ ಯಾರೂ ಕೂರಿಸಿರಲಿಲ್ಲ.

ದ್ವಿತೀಯ ವರ್ಷದ ಜನವರಿಯಲ್ಲಿ ಮೇಡಂ, ಈ ಸಲ ಕೇಳಿ ಬರೆಯುವ ಪರೀಕ್ಷೆಯೂ ಇದೆ ಎಂದರು. ಮೊಬೈಲಿನಲ್ಲಿ ಒಂದು ಸಂಭಾಷಣೆ ಹಾಕುತ್ತಾರೆ, ಎರಡೇ ಸಲ, ಆಮೇಲೆ ಪ್ರಶ್ನೆಗಳು. ಮಾದರಿಗೆ ಒಂದನ್ನು ಹಾಕಿದರು. ಪುಸ್ತಕದಲ್ಲಿ ಬಿಡಿಬಿಡಿಯಾಗಿ ನಿಂತಿದ್ದ ಪದಗಳೆಲ್ಲ ಕರಗಿ ಒಂದೇ ಧಾರೆಯಾಗಿ ಸುರಿದುಹೋದವು. ನನಗೆ ಒಂದೂ ಸಿಗಲಿಲ್ಲ. ಪುಟಗಟ್ಟಲೆ ಒಪ್ಪಿಸುತ್ತಿದ್ದವಳಿಗೆ ಒಂದು ವಾಕ್ಯವೂ ಕೇಳಿಸುತ್ತಿರಲಿಲ್ಲ. ಇದನ್ನು ಮನೆಯಲ್ಲಿ ಹೇಳಲಿಲ್ಲ. ಹೇಳಿದ್ದರೆ ಅಪ್ಪ, ಅಂಕಕ್ಕೆಂದು ಕನ್ನಡ ಬಿಡಿಸಿದ ಅಪ್ಪ, ಏನನ್ನುತ್ತಿದ್ದರೋ. ಬಸ್ಸಿನಲ್ಲಿ, ಊಟದಲ್ಲಿ, ಬಚ್ಚಲಲ್ಲಿ ನನಗೆ ಅದೇ ದಿಗಿಲು. ಆ ದಿಗಿಲಿಗೆ ಯಾರ ಮೇಲಾದರೂ ಸಿಟ್ಟು ತೀರಿಸಿಕೊಳ್ಳಬೇಕಿತ್ತು, ತಾತನ ತೀರ್ಪು ಸಿಕ್ಕಿತು.

ಒಂದು ಬೆಳಗ್ಗೆ ತಾತನನ್ನು ಪರೀಕ್ಷೆ ಮಾಡಿಯೇಬಿಟ್ಟೆ. ಪುಸ್ತಕ ತೆರೆದೆ, ಹುಡುಗಿಯೊಬ್ಬಳು ಬೇಕರಿಗೆ ಹೋಗಿ ಬ್ರೆಡ್ ತರುವ ಪಾಠ. ತುಟಿಗಳನ್ನಷ್ಟೇ ಆಡಿಸಿದೆ. ಗಂಟಲಿನಿಂದ ಒಂದು ಎಳೆ ಸದ್ದನ್ನೂ ಹೊರಬಿಡಲಿಲ್ಲ. ಕೊಟ್ಟಿಗೆಯಲ್ಲಿ ಕರು ಕೂಗಿತು, ಒಲೆಯಲ್ಲಿ ತೆಂಗಿನ ಮಟ್ಟೆ ಚಟಪಟ ಎಂದಿತು. ಎರಡು ಪುಟ ಹಾಗೇ ಮುಗಿಸಿ ತಾತನನ್ನು ನೋಡಿದೆ, ಈಗ ನೀನು ಸಿಕ್ಕಿಬಿದ್ದೆ ಎನ್ನುವ ಹಾಗೆ. ತಾತ ಕಾಫಿಯ ಕೊನೆಯ ಗುಟುಕು ಕುಡಿದು, "ಪರ್ವಾಗಿಲ್ಲ ಕಣವ್ವ. ಬುಡ್ತಾ ಐತೆ," ಎಂದ.

ಗೆದ್ದ ಸಂತೋಷ ಒಂದು ಉಸಿರಿನಷ್ಟು ಹೊತ್ತು ಇತ್ತೇನೋ. ಆಮೇಲೆ ತಲೆಯ ಮೇಲಿನ ಅಟ್ಟ ಇದ್ದಕ್ಕಿದ್ದಂತೆ ಭಾರವಾಗಿ ಕೆಳಗೆ ಜಗ್ಗಿದ ಹಾಗಾಯಿತು. ಶಿವರಾತ್ರಿಗೆ ಮುಂಚೆ ಕಾಯಿ ಇಳಿಸುತ್ತೇವೆಂದು ಚಿಕ್ಕಪ್ಪ ಆಗಲೇ ಆಳುಗಳಿಗೆ ಹೇಳಿದ್ದರು. ಹೇಳಬಹುದಿತ್ತು ನಾನು, ಚಿಕ್ಕಪ್ಪನನ್ನು ಕರೆದು ಒಂದೇ ಒಂದು ಮಾತು, ತಾತನಿಗೆ ಕಿವಿ ಕೇಳಿಸುತ್ತಿಲ್ಲವೆಂದು. ಹೇಳಿದ್ದರೆ ಆ ಕಂಬದ ಬಳಿ ಕೂತಿದ್ದ ಮನುಷ್ಯ ಮರುದಿನದಿಂದ ಬರೀ ಮುದುಕನಾಗುತ್ತಿದ್ದ. ಕೇಳಿಸುವುದಿಲ್ಲವೆಂಬುದನ್ನು ಮುಚ್ಚಿಟ್ಟುಕೊಂಡು ತಿರುಗುವುದು ಎಂಥದೆಂದು ಆ ಮನೆಯಲ್ಲಿ ನನ್ನಷ್ಟು ಚೆನ್ನಾಗಿ ಬಲ್ಲವರು ಬೇರೆ ಯಾರೂ ಇರಲಿಲ್ಲ. ಕಾಯಿ ನೋಡುವ ದಿನ ತಾತನ ಎದುರಿಗೆ ನಿಂತು, ಸದ್ದು ಸರಿಯಿದ್ದರೆ ತಲೆಯಾಡಿಸಿ ತಿಳಿಸುವುದೆಂದು ನನಗೆ ನಾನೇ ನಿಶ್ಚಯಿಸಿಕೊಂಡೆ.

ಆ ದಿನ ಬಂತು. ಚಿಕ್ಕಪ್ಪ ಏಣಿಯ ಮೇಲೆ, ಕೆಳಗೆ ತಾತ, ಎದುರಿಗೆ ನಾನು. ಮೊದಲ ಕಾಯಿ ಗಡಗಡ ಎಂದಿತು. ಎರಡನೆಯದೂ ಹಾಗೆಯೇ. ತಲೆಯಾಡಿಸಿದೆ. ಮೂರನೆಯದು ಅಟ್ಟದ ಮೂಲೆಯಿಂದ ಬಂದದ್ದು. ತಾತ ಅದನ್ನು ಎರಡು ಕೈಯಲ್ಲಿ ಹಿಡಿದು ನಿಧಾನವಾಗಿ ಅಲ್ಲಾಡಿಸಿದ. ಗಿಟುಕಿನ ಸದ್ದಿನ ಹಿಂದೆ ಏನೋ ತೆಳ್ಳಗೆ ತುಳುಕಿದಂತಾಯಿತು. ನೀರೇ? ಅಲ್ಲ, ಹೊರಗೆ ಯಾರೋ ಬಿಂದಿಗೆ ಎತ್ತಿದ್ದೇ? ತರಗತಿಯಲ್ಲಿ ಆ ಮೊಬೈಲಿನ ಮುಂದೆ ಕೂತಾಗ ಆಗುತ್ತಿದ್ದದ್ದೇ ಇಲ್ಲೂ ಆಯಿತು. ಕೇಳಿಸಿದ್ದಕ್ಕೂ ಹೆದರಿದ್ದಕ್ಕೂ ವ್ಯತ್ಯಾಸ ತಿಳಿಯದಾಯಿತು. ತಲೆಯನ್ನು ಹೌದೆಂದೂ ಆಡಿಸಲಿಲ್ಲ, ಅಲ್ಲವೆಂದೂ ಆಡಿಸಲಿಲ್ಲ. ತಾತ ನನ್ನ ಮುಖ ನೋಡಿದ. ಬಹಳ ಹೊತ್ತು ನೋಡಿದ.

"ಇನ್ನೊಂದ್ ಹದಿನೈದ್ ದಿನ ಇರ್ಲಿ ಬುಡು."

"ಏನಪ್ಪಾ ನೀನು! ಆಳುಗಳ್ನ ಕರ್ಸಿದೀನಿ, ಕಾಯಿ ಗಡಗಡ ಅಂತಾ ಅದೆ, ನಿಂಗೇನ್ ಕೇಳುಸ್ತಾ ಇಲ್ವಾ?" ಎಂದು ಏಣಿಯ ಮೇಲಿಂದಲೇ ಚಿಕ್ಕಪ್ಪ ಕೂಗಿದರು. ತಾತ ಕತ್ತೆತ್ತಿ ಅವರ ಬಾಯನ್ನೇ ನೋಡುತ್ತಿದ್ದ. ತಾತ ಮೂರನೆಯ ಕಾಯಿಯನ್ನು ಮೇಲಕ್ಕೆ ಚಾಚಿ, "ನಂಗ್ ಕೇಳ್ಸಿದ್ದು ನಿಂಗ್ ಕೇಳ್ಸಿದ್ರೆ ನೀನೇ ನಮ್ಮಪ್ಪ ಆಗ್ತಿದ್ದೆ ಕಣ್ಲಾ. ಮಡಗು ಮೇಲಕ್ಕೆ," ಎಂದ. ಆಳುಗಳೆಲ್ಲ ನಕ್ಕರು. ಚಿಕ್ಕಪ್ಪನೂ ಬೈದುಕೊಳ್ಳುತ್ತಲೇ ನಕ್ಕರು.

ಹದಿನೈದು ದಿನ ಬಿಟ್ಟು ಇಳಿಸಿದಾಗ ಗಿಟುಕುಗಳು ಇಡಿಯಾಗಿ, ಒಂದೂ ಒಡೆಯದೆ ಬಂದವು. ಕಥೆ ಹುಟ್ಟಿದ್ದು ಅಲ್ಲಿಂದ. ಅದರಿಂದ ಏನೂ ಸಾಬೀತಾಗುವುದಿಲ್ಲ ಎಂಬುದು ನನ್ನ ತಕರಾರು. ಮೊದಲೇ ಇಳಿಸಿದ್ದರೂ ಹಾಗೆಯೇ ಬರುತ್ತಿದ್ದವೇನೋ, ಯಾರು ಕಂಡರು? ನನ್ನ ಕೇಳಿ ಬರೆಯುವ ಪರೀಕ್ಷೆಯ ವಿಷಯಕ್ಕೂ ಅದೇ ಮಾತು. ಒಂದು ರೈಲಿನ ಹೊತ್ತು, ಒಬ್ಬ ಹೆಂಗಸಿನ ಹೆಸರು, ಇವೆರಡು ಕಿವಿಗೆ ಸಿಕ್ಕವು. ಮಿಕ್ಕಿದ್ದೆಲ್ಲ ಊಹೆ. ಪಾಸಾದೆ, ಅಷ್ಟೇ. ಅಪ್ಪ ಹೇಳಿದ್ದ ಸುರಿಮಳೆ ಏನೂ ಆಗಲಿಲ್ಲ.

ಆ ಪರೀಕ್ಷೆಯ ಬೆಳಗ್ಗೆ ತಾತ ನನ್ನ ಜೊತೆ ರಸ್ತೆಯವರೆಗೆ ಬಂದಿದ್ದ. ಇಬ್ಬರೇ ಇದ್ದೆವು. ಧೈರ್ಯ ಮಾಡಿ, ಅವನ ಕಡೆ ತಿರುಗದೆ, ತೋಟದತ್ತ ಮುಖಮಾಡಿ ಕೇಳಿದೆ, "ತಾತ, ನಿನಗೆ ಕೇಳುಸ್ತಾ ಇಲ್ಲ, ಅಲ್ವಾ?" ಅವನು ದೂರದ ತಿರುವಿನಲ್ಲಿ ಎದ್ದ ಧೂಳನ್ನು ನೋಡುತ್ತಿದ್ದ. "ಬಸ್ ಬಂತು ಕಣವ್ವ. ಹುಷಾರಾಗಿ ಬರಿ," ಎಂದ.

ಮುಂದಿನ ಕಾರ್ತಿಕದಲ್ಲಿ ತಾತ ಹೋದ. ಚಿಕ್ಕಪ್ಪ ಮನೆ ಕೆಡವಿ ಹೊಸದು ಕಟ್ಟಿಸಿದರು. ಅದಕ್ಕೆ ಅಟ್ಟವಿಲ್ಲ, ಕಾಯಿಗಳಿಗೆ ಹಿತ್ತಲಲ್ಲಿ ತಗಡಿನ ಕೊಟ್ಟಡಿ ಇದೆ. ನೋಟ್‌ಬುಕ್ಕಿನ ವಾಸನೆಯೂ ಈಚೆಗೆ ಹಾರಿಹೋಗಿದೆ, ಮೂಗಿಗೆ ಒತ್ತಿಕೊಂಡರೂ ಬರೀ ಕಾಗದ. ಹೋದ ತಿಂಗಳು ಆ ಅಂಗಡಿಯಲ್ಲಿ ಚಿಕ್ಕಪ್ಪ ಅಲ್ಲಾಡಿಸಿದ ಕಾಯಿಯನ್ನು ಅವರಿಂದ ಇಸಕೊಂಡೆ. ಯಾರೂ ನೋಡದಾಗ ಕಿವಿಯಿಂದ ದೂರ ಹಿಡಿದು ಮೆಲ್ಲಗೆ ಅಲ್ಲಾಡಿಸಿದೆ. ಗಿಟುಕು ಬಡಿಯುವುದು ಅಂಗೈಗೂ ತಿಳಿಯುತ್ತದೆ. ತಾತ, ಎಷ್ಟೋ ವರ್ಷದಿಂದ ನಿನಗೆ ಅಂಗೈಯೇ ಕಿವಿಯಾಗಿದ್ದಿರಬಹುದು ಎಂಬುದು ನನಗೆ ಆವರೆಗೆ ಹೊಳೆದಿರಲಿಲ್ಲ. ಹಾಗಾದರೆ ಹೇಳು ತಾತ, ಆವತ್ತು ಅಟ್ಟದ ಕೆಳಗೆ ಆ ಮೂರನೇ ಕಾಯಿ ಹಿಡಿದು ಅಷ್ಟು ಹೊತ್ತು ನನ್ನನ್ನೇ ನೋಡಿದೆಯಲ್ಲ, ನಿನ್ನ ಕೈಗೆ ನಿಜವಾಗಿ ನೀರು ತಿಳಿದಿತ್ತೋ, ಇಲ್ಲ ನನ್ನ ಮುಖದಲ್ಲಿದ್ದ ದಿಗಿಲು ಕಂಡು ಇರ್ಲಿ ಬುಡು ಅಂದೆಯೋ?