ತಂಪಿಗೆಂದು ಕುಡಿದ ಕಬ್ಬಿನ ಹಾಲು

ಹೊಸನಗರದಾಚೆ ಗುಡ್ಡದ ಮೇಲೆ ನಮ್ಮ ಭಾವನ ಆಲೆಮನೆ. ಅವತ್ತು ಅಲ್ಲಿದ್ದವರು ಮೂವರೇ. ಕೊಪ್ಪರಿಗೆಯ ಮುಂದೆ ಭಾವ, ಗಾಣಕ್ಕೆ ಕಬ್ಬು ಕೊಡುತ್ತಿದ್ದ ಅಕ್ಕ, ಆಗಷ್ಟೇ ಗುಡ್ಡ ಹತ್ತಿ ಬಂದು ಕೂತ ನಾನು. ಭಾವ ಗಾಣದ ಕೋಣಗಳನ್ನು ಬಿಚ್ಚಿ ನೆರಳಿಗೆ ಕಟ್ಟಿದ. ಅವುಗಳ ಪಕ್ಕೆಯ ಕುಣಿತ ನಿಲ್ಲುವವರೆಗೆ ಅವನು ನೀರು ತೋರಿಸುವವನಲ್ಲ. ಸ್ವಲ್ಪ ಹೊತ್ತಿಗೆ ಕುಣಿತ ನಿಂತಿತು.

ನನ್ನ ಎದೆಯದು ನಿಲ್ಲಲಿಲ್ಲ.

ಉಷ್ಣ ಆಗಿದೆ ತಮ್ಮಾ ಎಂದು ಅಕ್ಕ ಒಂದು ಚೊಂಬು ಕಬ್ಬಿನ ಹಾಲು ಕೊಟ್ಟಳು. ಆಲೆಮನೆಗೆ ಬಂದವರು ಕುಡಿಯದೆ ಹೋಗುವುದು ನಮ್ಮಲ್ಲಿಲ್ಲ; ಮೇಲಾಗಿ ಅದು ಎದೆಗೆ ತಂಪು ಎಂದು ಹಿರಿಯರೆಲ್ಲ ಹೇಳಿದ್ದೇ. ಕುಡಿದೆ. ಬಾಯಾರಿಕೆ ಹೆಚ್ಚಿತು. ಮತ್ತೆ ಕುಡಿದೆ. ನನ್ನದು ಪೇಟೆಯಲ್ಲಿ ಹೊಲಿಗೆ ಅಂಗಡಿ. ದಿನ ಕಳೆದಂತೆ ಮೆಷಿನ್ ತುಳಿಯುವ ಕಾಲು ಸೊರಗುತ್ತಾ ಬಂತು, ಎದೆ ಹೊಡೆದುಕೊಂಡಾಗಲೆಲ್ಲ ಅಕ್ಕ ಹಾಲು ಕಳಿಸಿದಳು. ಅಷ್ಟು ಪ್ರೀತಿಯಿಂದ ನಾವು ಸಾಕಿದ್ದು ರೋಗವನ್ನು. ನೆನೆದರೆ ಈಗಲೂ ಮೈಯೆಲ್ಲ ಉರಿಯುತ್ತದೆ.

ಕೊನೆಗೆ ಸಾಗರದ ಆಸ್ಪತ್ರೆಗೆ ಹೋದೆ. ಡಾಕ್ಟರು ಯೂರಿನ್ನಿಗೆ ನೀಲಿ ಔಷಧಿ ಹಾಕಿ ಕಾಯಿಸಿದರು. ಇಟ್ಟಿಗೆ ಬಣ್ಣ ಬಂತು. ನನ್ನನ್ನು ಆಸ್ಪತ್ರೆಯ ಮೆಟ್ಟಿಲು ಹತ್ತಿಸಿ, ಇಳಿಸಿ, ಕೂರಿಸಿ, ಪಲ್ಸ್ ಹಿಡಿದರು. ಓಡಿದ ಎದೆ ಕೂತ ಮೇಲೆ ಇಳಿಯಬೇಕು, ನಿಮ್ಮದು ಇನ್ನೂ ಓಡುತ್ತಿದೆ, ಇದಕ್ಕೆ ಏನು ತಗೊಂಡಿರಿ ಎಂದರು. ಹೆಮ್ಮೆಯಿಂದಲೇ ಹೇಳಿದೆ.

"ಸಕ್ಕರೆ ಕಾಯಿಲೆಗೆ ಕಬ್ಬಿನ ಹಾಲೇನ್ರೀ? ಇನ್ನೊಂದು ವರ್ಷ ಕುಡೀರಿ, ಎದೆ ತಾನಾಗೇ ನಿಲ್ಲುತ್ತೆ."

ಅನ್ನ ಅರ್ಧ, ಬೆಲ್ಲ ಬಂದ್, ದಿನಾ ನಿಧಾನಕ್ಕೆ ಏರು ನಡಿಗೆ. ಇಷ್ಟೇ ಅಪ್ಪಣೆ.

ಗುಡ್ಡಕ್ಕೆ ಹೋಗಿ ಭಾವನಿಗೆ ಡಾಕ್ಟರ ಮಾತು ಹೇಳಿದೆ. ಅವನು ಕಬ್ಬಿನ ಹಾಲಿನ ಚೊಂಬು ಮುಂದೆ ಹಿಡಿದ. ಬೇಡ ಎಂದೆ. ನನ್ನ ಕಾಲ ಬುಡದಲ್ಲೇ ಅಷ್ಟನ್ನೂ ಸುರಿದ.

"ನನ್ನ ಕೊಪ್ಪರಿಗೇಲಿ ವಿಷ ಕಾಯ್ತದೆ ಅಂತ ಪೇಟೆಯೆಲ್ಲಾ ಹೇಳ್ಕಂಡು ಬಾ. ಈ ಗುಡ್ಡ ಮಾತ್ರ ಹತ್ತಬ್ಯಾಡ."

ಅಕ್ಕ ಒಲೆಯೊಳಗೆ ನೋಡುತ್ತಾ ನಿಂತಿದ್ದಳು.

ಹತ್ತಿದೆ. ಹಟಕ್ಕೇ ಹತ್ತಿದೆ. ದಿನಾ ಸಂಜೆ ಅರ್ಧ ಗುಡ್ಡದ ಬಂಡೆಯವರೆಗೆ ಹೋಗಿ, ಕೂತು, ಮಣಿಕಟ್ಟು ಹಿಡಿದು, ಬೀದಿನಾಯಿಗೆ ಬೈದ ಹಾಗೆ ನನ್ನ ಎದೆಗೇ ಬೈಯುತ್ತಿದ್ದೆ. ಭಾವನ ಮೇಲೆ ಸಿಟ್ಟು, ಗಾಳಿಗೆ ಇಳಿದು ಬರುವ ಬೆಲ್ಲದ ಪರಿಮಳದ ಮೇಲೂ ಸಿಟ್ಟು. ಮೊದಮೊದಲು ಕತ್ತಲಾಗುತ್ತಾ ಬಂದರೂ ಎದೆ ಇಳಿಯುತ್ತಿರಲಿಲ್ಲ. ಮಳೆಗಾಲ ಕಳೆಯುವ ಹೊತ್ತಿಗೆ ಬೆವರು ಆರುವ ಮೊದಲೇ ಇಳಿಯತೊಡಗಿತು. ಗುಣವಾಯಿತು ಎನ್ನಲಾರೆ. ಇಟ್ಟಿಗೆ ಬಣ್ಣ ಹಸಿರಿಗೆ ಬಂದಿದೆ, ಸಕ್ಕರೆ ಇಳಿದಿದೆ, ಅಷ್ಟು ಸಾಕು ಎಂದಿದ್ದಾರೆ ಡಾಕ್ಟರು.

ಮುಂದಿನ ಆಲೆಮನೆ ಶುರುವಾದ ವಾರ, ಒಂದು ಸಂಜೆ ಬಂಡೆ ದಾಟಿ ಮೇಲೆ ಹೋದೆ. ಭಾವ ಬಾ ಎನ್ನಲಿಲ್ಲ, ಹೋಗು ಎನ್ನಲೂ ಇಲ್ಲ. ಕೊಪ್ಪರಿಗೆಯ ಪಾಕ ತಿರುವುತ್ತಲೇ ಓರೆಗಣ್ಣಿನಲ್ಲಿ ನನ್ನ ಎದೆಯನ್ನು ನೋಡುತ್ತಿದ್ದ. ಏದುಸಿರು ಪೂರ್ತಿ ನಿಂತ ಮೇಲೆ ಅಕ್ಕನಿಗೆ ಸನ್ನೆ ಮಾಡಿದ. ಅವಳು ಅದೇ ಚೊಂಬು ತಂದಳು. ಒಳಗೆ ಮಜ್ಜಿಗೆ.

"ಉಪ್ಪು ಹಾಕ್ಸಿದೀನಿ," ಎಂದ ಭಾವ, ನನ್ನ ಕಡೆ ತಿರುಗದೆ.

ಕುಡಿದೆ.