ಸಗಣಿ ಗುಂಡಿಗೆ ಫಿನಾಯಿಲ್

ತೊಂಬತ್ತರ ದಶಕದಲ್ಲೂ ಹಲಸೂರಿನ ನಮ್ಮ ಗಲ್ಲಿಯಲ್ಲಿ ಹಸುಗಳಿದ್ದವು ಎಂದರೆ ಈಗಿನವರು ನಗುತ್ತಾರೆ. ಎದುರು ಮನೆಯ ಹಾಲಿನಮ್ಮನ ಕೊಟ್ಟಿಗೆಯಲ್ಲಿ ಆರು ಇದ್ದವು. ಅವುಗಳ ಸಗಣಿಯಿಂದ ನಾಲ್ಕು ಮನೆಗಳ ಒಲೆ ಉರಿಯುತ್ತಿತ್ತು, ನನ್ನದೂ ಅದರಲ್ಲೊಂದು. ಯಾವುದೋ ಸಂಸ್ಥೆಯವರು ಆಕೆಯ ಹಿತ್ತಿಲಲ್ಲಿ ಗೋಬರ್ ಗ್ಯಾಸಿನ ಗುಂಡಿ ಕಟ್ಟಿಸಿ ಪೈಪು ಎಳೆದು ಕೊಟ್ಟಿದ್ದರು. ಸಿಲಿಂಡರಿಗೆ ವಾರಗಟ್ಟಲೆ ಕಾಯುತ್ತಿದ್ದ ಆ ಕಾಲದಲ್ಲಿ ಅದು, ಹೌ ಶಲ್ ಐ ಸೇ, ಒಂದು ಬ್ಲೆಸಿಂಗ್.

ಒಮ್ಮೆ ಆ ಸಂಸ್ಥೆಯಿಂದ ಕಾಗದ ಬಂತು. ಸ್ಕೂಲ್ ಟೀಚರಾದ ನಾನೇ ಎಲ್ಲರಿಗೂ ಓದಿ ಹೇಳಿದೆ. ಗುಂಡಿ ಮುಂದೆಯೂ ತಾನಾಗಿ ನಡೆದುಕೊಂಡು ಹೋಗುತ್ತದೆಯೇ ಎಂದು ಅಸೆಸ್ ಮಾಡಲು ಒಬ್ಬರು ಬರುತ್ತಾರೆ. ಆಗದು ಅನ್ನಿಸಿದರೆ ಡ್ರಮ್ಮು, ಪೈಪು ಬಿಚ್ಚಿ ಬೇರೆ ಕಡೆಗೆ ಒಯ್ಯುತ್ತಾರೆ. ಹಾಲಿನಮ್ಮನ ಮುಖ ಸಣ್ಣದಾಯಿತು. ಸಿಲಿಂಡರ್ ಕನೆಕ್ಷನ್ ಇಲ್ಲದ ಮನೆ ಆಕೆಯದೊಂದೇ. ಮತ್ತೆ ಸೀಮೆಎಣ್ಣೆ ಕ್ಯೂ.

ಇನ್ಸ್‌ಪೆಕ್ಷನ್ ಎಂದರೆ ನೆಲ ಹೊಳೆಯಬೇಕು ಎಂದು ಕಾನ್ವೆಂಟಿನ ಸಿಸ್ಟರುಗಳು ನನಗೆ ಕಲಿಸಿದ್ದರು. ಹಾಲಿನಮ್ಮ ದಿನವೂ ಹಾಲು ಕೊಳ್ಳುವ ವರ್ತನೆ ಮನೆಗಳಿಗೆ ಹಾಲು ಹಾಕಲು ಹೋಗಿದ್ದಾಗ ಸೆರಗು ಸಿಕ್ಕಿಸಿ, ಎರಡು ಬಾಟಲ್ ಫಿನಾಯಿಲ್ ಸುರಿದು ಕೊಟ್ಟಿಗೆ ತೊಳೆದೆ. ಆ ನೀರು ಕಾಲುವೆಯಲ್ಲಿ ಹರಿದು ನೇರ ಗುಂಡಿಗೇ ಹೋಗುತ್ತದೆ ಎಂಬುದು ತಲೆಗೆ ಹೊಳೆಯಲೇ ಇಲ್ಲ.

ನಾಲ್ಕು ದಿನಕ್ಕೆ ಉರಿ ಸೊರಗಿತು. ಐದನೆಯ ದಿನ, ಅಸೆಸ್‌ಮೆಂಟಿಗೆ ಬಂದ ಹುಡುಗಿ ಕಡ್ಡಿ ಗೀರಿದರೆ ಒಲೆ ಹತ್ತಲೇ ಇಲ್ಲ. ಅವಳು ಫಾರಮ್ಮಿನ ಮೇಲೆ ಪೆನ್ನು ಊರಿದಳು.

"ತಪ್ಪು ನಂದಮ್ಮ," ಎಂದೆ, ತಡೆಯಲಾರದೆ. "ಕೊಟ್ಟಿಗೆಗೆ ಫಿನಾಯಿಲ್ ಹಾಕಿ ತೊಳೆದ್ಬಿಟ್ಟೆ."

"ಅಯ್ಯೋ ಆಂಟಿ, ಒಳಗಿರೋ ಬ್ಯಾಕ್ಟೀರಿಯಾ ಎಲ್ಲಾ ಸತ್ತಿರುತ್ತೆ. ಗ್ಯಾಸ್ ಮಾಡೋದೇ ಅವು ಅಲ್ವಾ!"

ಹಾಲಿನಮ್ಮ ನನ್ನ ಮೇಲೆ ಹರಿಹಾಯುತ್ತಾಳೆ ಎಂದುಕೊಂಡೆ. ಆಕೆ ಸೊಂಟಕ್ಕೆ ಕೈಯಿಟ್ಟು ನಕ್ಕಳು. "ಏನ್ ಮಿಸ್ಸಮ್ಮಾ, ಸಗಣಿಗೂ ಸ್ನಾನ ಮಾಡಿಸ್ಬಿಟ್ರಾ? ಪೌಡರ್ ಒಂದು ಬಾಕಿ ಇತ್ತು!" ಆಮೇಲೆ ಹುಡುಗಿಯತ್ತ ತಿರುಗಿದಳು. "ಈಗ್ಲೇ ಬರ್ಕೋಬೇಡ ತಾಯಿ. ಗುಂಡಿಗೆ ಹೊಟ್ಟೆ ಕೆಟ್ಟಿದೆ ಅಷ್ಟೆ. ಒಂದು ತಿಂಗ್ಳು ಬಿಟ್ಟು ಬಾ."

ಹುಡುಗಿ ಪೆನ್ನು ಮುಚ್ಚಿದಳು. ಗಾಡ್ ಬ್ಲೆಸ್ ಹರ್.

ಮಾರನೆಯ ಬೆಳಿಗ್ಗೆಯಿಂದ ನಾಲ್ಕೂ ಮನೆಯವರು ಬಕೆಟ್ ಹಿಡಿದೆವು. ಹಳೆಯ ರೊಚ್ಚನ್ನು ಮೊಗೆದು ಹೊರಹಾಕಿ, ದಿನದಿನವೂ ಹೊಸ ಸಗಣಿ ಕದಡಿ ಸುರಿದೆವು. ಗಂಜಿ ಹಾಕಿದ ಕಾಟನ್ ಸೀರೆಯ ನಾನು ಮೊಣಕೈವರೆಗೆ ಸಗಣಿಯಲ್ಲಿ. "ಕಡ್ಡಿ ಕಲ್ಲು ಆರ್ಸಿ ಮಿಸ್ಸಮ್ಮಾ, ಅಕ್ಕಿ ಆರ್ಸಿದಂಗೆ," ಎಂದು ಹಾಲಿನಮ್ಮ ಪಾಠ ಹೇಳುತ್ತಿದ್ದಳು. ಯಾರೂ ನನ್ನನ್ನು ಚುಚ್ಚಿ ಮಾತಾಡಲಿಲ್ಲ. ತಮಾಷೆ ಮಾಡಿದರು, ಅದು ಬೇರೆ.

ತಿಂಗಳು ತುಂಬುವ ಮೊದಲೇ ನೀಲಿ ಉರಿ ಎದ್ದಿತು. ಹುಡುಗಿ ಮತ್ತೆ ಬಂದು ಫಾರಂ ತೆರೆದಳು. "ಇದು ಕೆಟ್ರೆ ರಿಪೇರಿ ಯಾರು ಮಾಡ್ತೀರಾ?"

"ಕೆಡ್ಸೋರೂ ಇವ್ರೇ, ರಿಪೇರೀನೂ ಇವ್ರೇ," ಎಂದು ಹಾಲಿನಮ್ಮ ನನ್ನತ್ತ ಕೈ ತೋರಿಸಿದಳು. ಹುಡುಗಿ ನಗುತ್ತ, ನಡೆಯುತ್ತದೆ ಎಂದೇ ಬರೆದುಕೊಂಡು ಹೋದಳು.

ಆ ಸಂಜೆ ಹಾಲಿನಮ್ಮ ಅದೇ ಒಲೆಯಲ್ಲಿ ಕಾಫಿ ಮಾಡಿ ಮೊದಲ ಲೋಟ ನನ್ನ ಕೈಗಿಟ್ಟಳು. ಮಕ್ಕಳಿಗೆ ಥ್ಯಾಂಕ್ಯೂ ಹೇಳಿಸಿ ಹೇಳಿಸಿಯೇ ಸರ್ವೀಸ್ ಮುಗಿಸಿದವಳು ನಾನು. ಅಂದು ಮಾತ್ರ ಬರೀ ಥ್ಯಾಂಕ್ಯೂ ಸಾಲದು ಅನ್ನಿಸಿತು. ಕಾಫಿ ಕುಡಿದು, ಅವಳ ಲೋಟವನ್ನೂ ಸೇರಿಸಿ ತೊಳೆದಿಟ್ಟು ಬಂದೆ.