ಮಡಗ್ತೀನಿ ಅಂದ ಮೇಲೆ

ಇವತ್ತು ಬೆಳಿಗ್ಗೆ ಬ್ಯಾರನ್ನಿನ ಒಲೆಗೆ ಸೌದೆ ತಳ್ಳಿ ಸೊಂಟ ನೆಟ್ಟಗೆ ಮಾಡುವಷ್ಟರಲ್ಲಿ ಎದೆಯ ಮೇಲೆ ಏನೋ ಬಿಸಿ ತಾಗಿತು. ಅಂಗಿ ಜೇಬಿನಲ್ಲಿದ್ದ ಫೋನು. ನನ್ನ ಕೈ ನನ್ನನ್ನು ಕೇಳದೆ ಅಲ್ಲಿಗೆ ಹೋಯಿತು. ಎಳೆದು ನೋಡಿದೆ. ಯಾವ ಫೋನ್ ಕಾಲೂ ಓಡುತ್ತಿರಲಿಲ್ಲ. ಒಲೆಯ ಝಳಕ್ಕೆ ಕಾದಿತ್ತು, ಅಷ್ಟೆ. ಆದರೂ ಎದೆಬಡಿತ ಇಳಿಯಲು ಒಂದು ಸೌದೆ ಉರಿದು ಕೆಂಡವಾಗುವಷ್ಟು ಹೊತ್ತು ಹಿಡಿಯಿತು.

ಫೋನು ಬಿಸಿಯಾದರೆ ಹೆದರುವ ಗಂಡಸನ್ನು ನೀವು ನೋಡಿರಲಿಕ್ಕಿಲ್ಲ. ಅದರಲ್ಲೂ ಬಿಸಿಯ ಜೊತೆಯಲ್ಲೇ ಬದುಕುವವನನ್ನು. ನಮ್ಮ ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಬೇಯಿಸುವ ಎತ್ತರದ ಮನೆಗೆ ಬ್ಯಾರನ್ ಅನ್ನುತ್ತೇವೆ. ಹಸಿ ಸೊಪ್ಪನ್ನು ಕಡ್ಡಿಗಳಿಗೆ ಕಟ್ಟಿ, ಒಳಗೆ ಸಾಲಾಗಿ ನೇತುಹಾಕಿ, ಹೊರಗಿನಿಂದ ಬೆಂಕಿ ಕೊಡಬೇಕು. ಝಳ ಅವಸರಪಟ್ಟರೆ ಸೊಪ್ಪು ಹಸಿರಾಗಿಯೇ ಒಣಗಿಬಿಡುತ್ತದೆ, ತಡಮಾಡಿದರೆ ಕಪ್ಪಾಗುತ್ತದೆ. ಹದವಾಗಿ ಬಿದ್ದರೆ ಮಾತ್ರ ಬಂಗಾರದ ಬಣ್ಣ. ನಾನು ಗೋಡೆಗೆ ಅಂಗೈ ಇಟ್ಟು ಒಳಗಿನ ಹದ ಹೇಳುತ್ತೇನೆ. ಇದನ್ನು ಜಂಬಕ್ಕೇ ಹೇಳುತ್ತಿದ್ದೇನೆ, ಸುಳ್ಳು ವಿನಯ ಯಾಕೆ. ಐದನೇ ಕ್ಲಾಸಿಗೆ ಶಾಲೆ ಬಿಟ್ಟವನಿಗೆ ಜಂಬಪಡಲು ಇರುವ ಜಾಗಗಳು ಕಮ್ಮಿ. ಇರುವುದನ್ನು ಬಿಟ್ಟುಕೊಡಬಾರದು.

ನನ್ನ ಮೊದಲ ಫೋನು ಬಟನ್ನಿನದು. ಹಸಿರು ಒತ್ತಿದರೆ ಹಲೋ, ಕೆಂಪು ಒತ್ತಿದರೆ ಕಟ್. ಆ ಕಾಲದ ಮಾತುಗಳೂ ನಮಗೆ ಹೊಂದಿಕೊಂಡಿದ್ದವು. ಕರೆನ್ಸಿ ಖಾಲಿ ಎಂದರೆ ಪೇಟೆಗೆ ಹೋಗಿ ಹಾಕಿಸಬೇಕು. ಟವರ್ ಇಲ್ಲ ಎಂದರೆ ಹೊಲದ ದಿಣ್ಣೆ ಹತ್ತಬೇಕು. ಮಿಸ್ ಕಾಲನ್ನಂತೂ ನಾವು ಪುಕ್ಕಟೆ ಟಪಾಲು ಮಾಡಿಕೊಂಡಿದ್ದೆವು. ನನ್ನ ಹೆಂಡತಿ ಜಯಮ್ಮ ಒಂದು ಮಿಸ್ ಕಾಲ್ ಕೊಟ್ಟರೆ ಊಟಕ್ಕೆ ಬನ್ನಿ ಅಂತ. ಬಿಡದೆ ಮೇಲಿಂದ ಮೇಲೆ ಕೊಟ್ಟರೆ ನೆಂಟರು ಬಂದಿದ್ದಾರೆ, ಬರುವಾಗ ಕೋಳಿ ತನ್ನಿ ಅಂತ. ಒಂದು ಸಲವೂ ತಪ್ಪಿದ್ದಿಲ್ಲ.

ಆಮೇಲೆ ಮಗಳು ಪವಿತ್ರ ಡಿಗ್ರಿ ಮುಗಿಸಿದಳು, ನನ್ನ ಕೈಗೆ ಗಾಜಿನ ಫೋನು ಕೊಟ್ಟಳು. ಅದರ ಹಿಂದೆಯೇ ಮನೆಗೆ ಹೊಸ ಮಾತುಗಳು ನುಗ್ಗಿದವು. ಅಪ್‌ಡೇಟು, ಸ್ಟೋರೇಜು, ಹಾಟ್‌ಸ್ಪಾಟು, ಲೊಕೇಶನ್ನು. ಗಳಿಗೆಗೊಮ್ಮೆ ಪರದೆಯ ಮೇಲೆ ‘ಅನುಮತಿಸುವಿರಾ?’ ಎಂದು ಬರುತ್ತಿತ್ತು. ನನ್ನ ಮನೆಯಲ್ಲಿ ನನ್ನ ಅನುಮತಿ ಕೇಳುವ ಜೀವ ಅದೊಂದೇ ಎಂದು ಎಲ್ಲದಕ್ಕೂ ಹೂಂ ಒತ್ತಿದೆ. ಆಮೇಲೆ, ಯಾವುದಕ್ಕೆ ಹೂಂ ಅಂದೆನೋ ಎಂದು ಅಳುಕು.

“ಅಪ್ಪ, ಕಾಲ್ ಕಟ್ ಮಾಡೋದು ತೋರಿಸ್ತೀನಿ ಬಾ,” ಎಂದು ಪವಿತ್ರ ಕರೆದಿದ್ದಳು.

“ನಂಗೊತ್ತು ಬುಡು. ನೀನು ಅಂಗನವಾಡಿಲಿದ್ದಾಗ್ಲೆ ಫೋನ್ ಹಿಡ್ದವ್ನು ನಾನು.”

ಗೊತ್ತಿರಲಿಲ್ಲ. ಸೊಪ್ಪು ಕಟ್ಟುವ ಕಾಲದಲ್ಲಿ ಬೆರಳುಗಳಿಗೆ ಕಪ್ಪು ಅಂಟು ಹಿಡಿಯುತ್ತದೆ, ಸೋಪಿಗೂ ಜಗ್ಗದ ಅಂಟು. ಆ ಬೆರಳನ್ನು ಗಾಜಿನ ಮೇಲಿನ ಕೆಂಪು ಚುಕ್ಕೆಗೆ ಎಷ್ಟು ಒತ್ತಿದರೂ ಫೋನಿಗೆ ಅದು ಮನುಷ್ಯನ ಬೆರಳು ಅನ್ನಿಸುವುದಿಲ್ಲ. ನಾನು ನನ್ನದೇ ದಾರಿ ಹುಡುಕಿಕೊಂಡೆ. ಫೋನಿನ ಪಕ್ಕೆಯಲ್ಲಿ ಒಂದು ಸ್ವಿಚ್ಚಿದೆಯಲ್ಲ, ಅದನ್ನು ಒತ್ತಿದರೆ ಪರದೆ ಕತ್ತಲಾಗುತ್ತದೆ. ದೀಪ ಆರಿತು, ಮಾತು ಮುಗಿಯಿತು. ಇದು ತಪ್ಪೆಂದು ತಿಳಿಯುವ ಸಂದರ್ಭವೇ ಬರಲಿಲ್ಲ. ನನ್ನ ಜೊತೆ ಮಾತಾಡುವವರೆಲ್ಲ ನನಗಿಂತ ಮೊದಲೇ ಕಟ್ ಮಾಡುತ್ತಿದ್ದರು. ಹಾಗೆ ಮಾಡದ ಮನುಷ್ಯ ನನಗೆ ಸಿಕ್ಕಿದ್ದು ಒಬ್ಬರೇ, ಮಿರ್ಲೆಯ ಮೇಷ್ಟ್ರು.

ಮೇಷ್ಟ್ರು ರಿಟೈರಾಗಿದ್ದರು. ಅವರ ಮಗ ಹೆಗ್ಗಡದೇವನಕೋಟೆಯಲ್ಲಿ ದನದ ಆಸ್ಪತ್ರೆಯ ಕೆಲಸದಲ್ಲಿದ್ದ. ಹೆಂಡತಿ, ಮಗನ ಜೊತೆ ಬಂದು ಪವಿತ್ರಳನ್ನು ನೋಡಿ ಒಪ್ಪಿದ್ದರು. ಪವಿತ್ರಳೂ ಒಪ್ಪಿದ್ದಳು. ಬಾಯಿಬಿಟ್ಟು ಹೇಳಿರಲಿಲ್ಲ, ಆದರೆ ಅವರು ಹೋದ ಮೇಲೆ ಯಾರೂ ಹೇಳದೆ ಅಷ್ಟೂ ಕಾಫಿ ಲೋಟ ತೊಳೆದಿಟ್ಟಳು. ನಮ್ಮ ಮನೆಯಲ್ಲಿ ಅದಕ್ಕಿಂತ ದೊಡ್ಡ ಒಪ್ಪಿಗೆ ಇಲ್ಲ.

ಫೋನು ಮುಗಿಸುವಾಗ ನಮ್ಮ ಕಡೆ ‘ಇಡ್ತೀನಿ’ ಅನ್ನುವುದಕ್ಕೆ ‘ಮಡಗ್ತೀನಿ’ ಅನ್ನುತ್ತೇವೆ. ಹೆಣ್ಣು ಕೊಡುವವರ ಮುಖದ ಮೇಲೆ ತಾನು ಮೊದಲು ಮಡಗಬಾರದು ಅನ್ನುವುದು ಮೇಷ್ಟ್ರ ಮರ್ಯಾದೆ. ಗಂಡಿನ ಕಡೆಯವರೇ ಮೊದಲು ಮಡಗಬೇಕು ಅನ್ನುವುದು ನನ್ನ ಮರ್ಯಾದೆ. “ಮಡಗ್ಲಾ ಸಾರ್?” “ಮಡಗಿ ಯಜಮಾನ್ರೆ.” “ನೀವು ಮಡಗಿ ಸಾರ್.” “ಪರವಾಗಿಲ್ಲ, ನೀವೇ ಮಡಗಿ.” ಬಸ್ಸಿನ ಬಾಗಿಲಲ್ಲಿ ಇಬ್ಬರು ನೆಂಟರು ನೀವು ಹತ್ತಿ, ನೀವು ಹತ್ತಿ ಎಂದು ನಿಂತು ಬಸ್ಸೇ ಹೊರಟುಹೋದ ಹಾಗೆ.

ಆವತ್ತು ಆಷಾಢದ ಮಧ್ಯಾಹ್ನ. ಬ್ಯಾರನ್ನಿನ ಮುಂದಿನ ಚಪ್ಪರದಲ್ಲಿ ನಾನೂ ಜಯಮ್ಮನೂ ಸೊಪ್ಪು ಕಟ್ಟುತ್ತಿದ್ದಾಗ ಮೇಷ್ಟ್ರ ಫೋನು ಬಂತು. ಶ್ರಾವಣದಲ್ಲಿ ನಮ್ಮ ಮನೆಯಲ್ಲೇ ನಿಶ್ಚಿತಾರ್ಥ ಎಂದು ಮಾತಾಯಿತು. ಕೊನೆಗೆ ಅವರು ಅಂದರು: “ಒಂದು ವಿಷಯ ಯಜಮಾನ್ರೆ. ನಮ್ಮ ಮನೆತನದಲ್ಲಿ ಲಗ್ನಪತ್ರಿಕೆ ಐನೋರು ಬರೀತಾರೆ. ಆದ್ರೆ ಹೆಣ್ಣಿನ ತಂದೆ ಅದನ್ನ ಎಲ್ರ ಮುಂದೆ ಓದ್ಬೇಕು. ನಮ್ಮ ತಾತನ ಕಾಲದಿಂದ ಬಂದಿರೋದು.”

“ಅದ್ಕೇನಂತೆ ಸಾರ್, ಓದಾನ,” ಅಂದೆ. ಮಡಗಿ, ನೀವು ಮಡಗಿ, ಎಲ್ಲ ಆಯಿತು. ಸ್ವಿಚ್ಚು ಒತ್ತಿ ಜೇಬಿಗೆ ಹಾಕಿದೆ.

“ಮಾನ ಹೋಯ್ತು ಕಣೆ,” ಎಂದೆ ಜಯಮ್ಮನಿಗೆ.

“ಯಾಕೆ, ಏನಂತೆ?”

“ಪತ್ರಿಕೆ ನಾನೇ ಓದ್ಬೇಕಂತೆ. ಎಲ್ರ ಮುಂದೆ.”

“ಓದಿ. ಬಸ್ಸಿನ ಬೋರ್ಡು ಓದಕಿಲ್ವಾ?”

“ಬಸ್ಸಿನ ಬೋರ್ಡು ಓದುವಾಗ ಜನ ಬಸ್ಸು ನೋಡ್ತಾರೆ, ನನ್ನ ನೋಡಕಿಲ್ಲ. ಒಬ್ನೇ ಇದ್ರೆ ವಸಿ ನಿಧಾನಕ್ಕೆ ಓದ್ಬುಡ್ತೀನಿ. ಎಲ್ರೂ ಸುಮ್ನೆ ಕೂತು ನನ್ನ ಬಾಯಿ ನೋಡ್ತಾರಲ್ಲ, ಸದ್ದೇ ಇಲ್ದೆ, ಅದು ಕಣೆ ನನ್ನ ಕೈಲಾಗದು. ಐದ್ನೇ ಕ್ಲಾಸಲ್ಲಿ ಅಂಗೇ ನಿಲ್ಲಿಸಿ ಓದು ಅಂದ್ರು. ಒಂದು ಅಕ್ಷರ ಸಿಕ್ಕಾಕ್ಕೊಂತು. ಇಡೀ ಕ್ಲಾಸು ಉಸ್ರು ಬುಡ್ದೆ ಕಾಯ್ತಾ ಇತ್ತು. ಮಾರ್ನೇ ದಿನದಿಂದ ನಾನು ಓಗ್ಲಿಲ್ಲ.”

ಇದನ್ನು ನಾನು ಜಯಮ್ಮನಿಗೂ ಹೇಳಿರಲಿಲ್ಲ. ಬ್ಯಾರನ್ನಿನ ಬೆಂಕಿ ನೋಡಿಕೊಳ್ಳಲು ಅಪ್ಪನಿಗೆ ಆಳಿರಲಿಲ್ಲ, ಅದಕ್ಕೆ ಶಾಲೆ ಬಿಡಿಸಿದರು ಎನ್ನುವುದು ಊರಿಗೆಲ್ಲ ನಾನು ಹೇಳಿಕೊಂಡು ಬಂದ ಕಾರಣ. ಅವಳು ಕಟ್ಟುತ್ತಿದ್ದ ಸೊಪ್ಪನ್ನು ಹಾಗೇ ಹಿಡಿದು ಕೂತಳು. ಆಮೇಲೆ ನನ್ನ ಮನಸ್ಸು ಹಗುರ ಮಾಡಲು ಅಂದಳು: “ಬುಡಿ, ಅವ್ರೇನು ಭಾರಿನಾ? ಆವತ್ತು ಆ ಮೇಷ್ಟ್ರ ಹೆಂಡ್ತಿ ಬಂದಾಗಿಂದ ಓಗೋಗಂಟ ನಮ್ಮ ಸೂರನ್ನೇ ನೋಡ್ತಿತ್ತು. ಜೇಡ್ರ ಬಲೆ ಎಣಿಸಕ್ಕೆ ಬಂದವ್ಳಂಗೆ.”

ನಾನು ನಕ್ಕೆ. ನಗುವಾಗ ಎದೆಗೆ ಬಿಸಿ ತಾಗಿತು. ಜೇಬಿನಿಂದ ಫೋನು ತೆಗೆದೆ. ಮಜ್ಜಿಗೆ ತಂದಿದ್ದ ಪವಿತ್ರ ಅದನ್ನು ನನ್ನ ಕೈಯಿಂದ ತೆಗೆದುಕೊಂಡಳು.

“ಅಪ್ಪ, ಇದೇನು? ಕಾಲ್ ಓಡ್ತಾನೇ ಇದೆ.”

ಪರದೆಯ ಮೇಲೆ ಮೇಷ್ಟ್ರ ಹೆಸರು. ಅದರ ಕೆಳಗೆ ನಿಮಿಷ, ಸೆಕೆಂಡುಗಳು ಇರುವೆ ಸಾಲಿನ ಹಾಗೆ ಹೋಗುತ್ತಲೇ ಇದ್ದವು. ಅವಳು ಕಿವಿಗಿಟ್ಟುಕೊಂಡಳು. “ಯಾರೂ ಮಾತಾಡ್ತಿಲ್ಲ. ಕುಕ್ಕರ್ ಕೂಗ್ತಾ ಇದೆ,” ಎಂದು ಪಿಸುಗುಟ್ಟಿ ಕೆಂಪು ಚುಕ್ಕೆ ಒತ್ತಿದಳು. “ನೀವಿಬ್ರೂ ಏನೇನು ಮಾತಾಡ್ತಿದ್ರಿ?” ಜಯಮ್ಮ ಸೊಪ್ಪಿನ ಕಡ್ಡಿಯೊಂದನ್ನು ಎತ್ತಿಕೊಂಡು ಬ್ಯಾರನ್ನಿನೊಳಗೆ ಹೋಗಿಬಿಟ್ಟಳು.

ಮಾರನೆಯ ದಿನವೇ ಹುಣಸೂರಿಗೆ ಹೋದೆ. ಅಲ್ಲಿ ನನ್ನ ಹಳೇ ಗೆಳೆಯ ರಹಮತ್ ಇದ್ದಾನೆ. ಮೊದಲು ರೇಡಿಯೋ ರಿಪೇರಿ ಮಾಡುತ್ತಿದ್ದ, ಈಗ ಮೊಬೈಲು. ಯಾರಿಗೋ ಹೀಗಾಯಿತಂತೆ ಎಂದು ಕಥೆ ಶುರುಮಾಡಿದೆ.

“ಯಾರಿಗೋ ಅಂತೀಯಾ, ಬೆವರ್ತಾ ಇರೋದು ನೀನು,” ಅಂದ ರಹಮತ್. “ನೋಡಣ್ಣ, ಪರದೆ ಬ್ಯಾರೆ, ಲೈನು ಬ್ಯಾರೆ. ನೀನು ಕಣ್ಣು ಮುಚ್ಕೊಂಡ್ರೆ ನಿನ್ನ ಕಿವಿನೂ ಮುಚ್ಚೋಯ್ತದಾ?”

ಆವತ್ತು ಅವನ ಅಂಗಡಿಯ ಸ್ಟೂಲಿನ ಮೇಲೆ ಕೂತು ನಾನು ಕಲಿತಷ್ಟು ಶಾಲೆಯಲ್ಲೂ ಕಲಿತಿರಲಿಲ್ಲ. ಮ್ಯೂಟ್ ಎಂದರೆ ನಮ್ಮ ಮಾತು ಅವರಿಗೆ ಕೇಳುವುದಿಲ್ಲ, ಅವರದು ನಮಗೆ ಕೇಳುತ್ತದೆ. ಹೋಲ್ಡ್ ಎಂದರೆ ಇಬ್ಬರದೂ ನಿಲ್ಲುತ್ತದೆ, ಆದರೆ ಕಾಲ್ ಮುಗಿದಿರುವುದಿಲ್ಲ. ಸ್ಪೀಕರ್ ಎಂದರೆ ಫೋನನ್ನು ಮೇಜಿನ ಮೇಲಿಟ್ಟರೂ ಮನೆಗೆಲ್ಲ ಕೇಳುತ್ತದೆ. ಈ ಕೊನೆಯದು ತಿಳಿದ ಮೇಲೆ ಮಿಕ್ಕಿದ್ದು ನನ್ನ ತಲೆಗೆ ಹೋಗಲಿಲ್ಲ.

“ಆ ಕಡೆಯೋರು ಕೇಳಿಸ್ಕೊಂಡ್ರಾ ಇಲ್ವಾ ಅಂತ ಇದ್ರಲ್ಲಿ ಗೊತ್ತಾಯ್ತದಾ?”

“ಎಷ್ಟೊತ್ತು ಓಡ್ತು ಅಂತ ಗೊತ್ತಾಯ್ತದೆ. ಕೇಳಿಸ್ಕೊಂಡ್ರಾ ಅನ್ನೋದು ಅವ್ರ ಮುಖದಲ್ಲಿ ನೋಡ್ಬೇಕು. ಅದ್ಕೆ ಆ್ಯಪ್ ಬಂದಿಲ್ಲ.”

ದಿನ ಬಿಟ್ಟು ದಿನ ಫೋನು ಮಾಡುತ್ತಿದ್ದ ಮೇಷ್ಟ್ರು ಆಮೇಲೆ ಮಾಡಲಿಲ್ಲ. ನಾನೇ ಮಾಡೋಣವೆಂದರೆ ಏನು ಹೇಳಲಿ? ಮೇಷ್ಟ್ರಿಗೆ ಕಿವಿ ಮಂದ ಇರಬಹುದು ಎಂದುಕೊಂಡೆ. ಮಂದ ಇದ್ದರೆ ಸ್ಪೀಕರ್ ಹಾಕಿಯೇ ಮಾತಾಡುತ್ತಿರುತ್ತಾರೆ ಎಂದೂ ಅನ್ನಿಸಿತು. ಶಾಲೆಗೆ ಹೆದರಿ ಓಡಿಬಂದವನ ಮಗಳನ್ನು, ಅತ್ತೆಯಾಗುವವಳನ್ನು ಆಡಿಕೊಳ್ಳುವ ತಾಯಿಯ ಮಗಳನ್ನು ಅವರು ಯಾಕೆ ತಂದುಕೊಳ್ಳಬೇಕು? ಪವಿತ್ರ ನನ್ನ ಫೋನು ಚಾರ್ಜಿಗೆ ಹಾಕುವ ಕೆಲಸ ತಾನೇ ವಹಿಸಿಕೊಂಡಳು. ಹಾಕಿದ ಮೇಲೆ ನಿಂತು ಒಂದು ಸಲ ಪರದೆ ನೋಡಿ ಹೋಗುತ್ತಿದ್ದಳು. ಏನೂ ಕೇಳುತ್ತಿರಲಿಲ್ಲ. ಕೇಳಿದ್ದರೆ ರೇಗಿಯಾದರೂ ಹಗುರಾಗುತ್ತಿದ್ದೆ. ಆ ಸಲ ಒಂದು ಬ್ಯಾರನ್ ಸೊಪ್ಪು ಕಪ್ಪಾಯಿತು. ಗೋಡೆಯ ಮೇಲೆ ಅಂಗೈ ಇಟ್ಟರೆ ಮನಸ್ಸು ಜೇಬಿನ ಫೋನಿನ ಮೇಲೇ ಇರುತ್ತಿತ್ತು, ಒಳಗಿನ ಹದ ತಿಳಿಯುತ್ತಿರಲಿಲ್ಲ.

ನಿಶ್ಚಿತಾರ್ಥದ ಹಿಂದಿನ ದಿನ ಅವರ ಫೋನು ಬಂತು. “ನಾಳೆ ಬೆಳಿಗ್ಗೆ ಹೊರಡ್ತೀವಿ ಯಜಮಾನ್ರೆ.” ಅಷ್ಟೇ. ದನಿಯಲ್ಲಿ ಸಿಟ್ಟೂ ಇರಲಿಲ್ಲ, ಸಲಿಗೆಯೂ ಇರಲಿಲ್ಲ. ಜಯಮ್ಮ ಏಣಿ ಹಾಕಿಕೊಂಡು ಸೂರಿನ ಮೂಲೆ ಮೂಲೆ ಗುಡಿಸಿದಳು.

ಬಂದರು. ಮೇಷ್ಟ್ರ ಹೆಂಡತಿ ಒಳಗೆ ಬಂದು ಚಾಪೆಯ ಮೇಲೆ ಕೂತರು, ಕೂತವರು ಚಾಪೆಯನ್ನೇ ನೋಡುತ್ತಿದ್ದರು. ಎಲೆಅಡಿಕೆ ಕೊಟ್ಟಾಗಲೂ ತಲೆ ಎತ್ತಲಿಲ್ಲ. ಸೂರಿನಲ್ಲಿ ಹಲ್ಲಿ ಲೊಚಗುಟ್ಟಿದಾಗ ಕೂತವರೆಲ್ಲ ಮೇಲೆ ನೋಡಿದರು, ಅವರೊಬ್ಬರು ನೋಡಲಿಲ್ಲ. ಅಷ್ಟು ಗುಡಿಸಿದ್ದು ದಂಡವಾಯಿತು ಎನ್ನುವ ಸಂಕಟದಲ್ಲಿ ಜಯಮ್ಮ ನನ್ನ ಮುಖ ನೋಡಿದಳು. ನನಗೆ ಗೊತ್ತಾಯಿತು. ಕೇಳಿಸಿದೆ. ಪೂರ್ತಿ ಕೇಳಿಸಿದೆ.

ಐನೋರು ಪತ್ರಿಕೆ ಬರೆದು ಅರಿಸಿನ ಕುಂಕುಮ ಹಚ್ಚಿ ನನ್ನ ಕೈಗೆ ಕೊಟ್ಟರು. ನಾನು ಎದ್ದು ನಿಂತೆ. ಮಾತುಗಳು ಒಂದೊಂದಾಗಿ ನಿಂತವು. ಮನೆಯಲ್ಲಿ ಅದೇ ನಿಶ್ಶಬ್ದ ಬಂತು, ನಲವತ್ತು ವರ್ಷದ ಹಿಂದಿನದು. ಅಕ್ಷರಗಳು ಕಾಗದ ಬಿಟ್ಟು ಮೇಲೆದ್ದ ಹಾಗಾಯಿತು. ಬಾಗಿಲ ಮರೆಯಲ್ಲಿ ಪವಿತ್ರಳ ಸೀರೆಯ ಅಂಚು ಕಾಣುತ್ತಿತ್ತು.

“ಕಾಫಿ ಆಗಿದ್ರೆ ಕೊಟ್ಬಿಡಿ ತಾಯಿ, ಆರಿಹೋಗುತ್ತೆ,” ಎಂದರು ಮೇಷ್ಟ್ರು.

“ಓದೋದು ಮುಗೀಲಿ ತಡಿಯೋ,” ಎಂದರು ಅವರ ಅಣ್ಣ.

“ಓದೋರು ಓದ್ಲಿ, ಕುಡಿಯೋರು ಕುಡೀಲಿ. ಏ, ಆ ಫ್ಯಾನು ಜೋರು ಮಾಡ್ರಪ್ಪ. ಉಪ್ಪಿಟ್ಟೂ ತನ್ನಿ.”

ಲೋಟಗಳು ಟಣಗುಟ್ಟಿದವು. ಯಾರೋ ತಟ್ಟೆ ದಾಟಿಸಿದರು, ಯಾರೋ ಮಗುವನ್ನು ಗದರಿದರು. ಯಾರೂ ನನ್ನ ಬಾಯಿ ನೋಡುತ್ತಿರಲಿಲ್ಲ. ನಾನು ಶುರುಮಾಡಿದೆ. ಬೆರಳಿಟ್ಟುಕೊಂಡು, ನಿಧಾನವಾಗಿ. ನಡುವೆ ಒಂದು ಕಡೆ ಒತ್ತಕ್ಷರವೊಂದು ಗಂಟಲಲ್ಲಿ ನಿಂತೇಬಿಟ್ಟಿತು. ಆಗಲೇ ಮೇಷ್ಟ್ರು ಅತ್ತ ತಿರುಗಿ, “ಸಕ್ಕರೆ ಹಾಕದೆ ಇರೋದು ಯಾವ ಲೋಟ? ನೋಡಿ ಕೊಡಿ, ನೋಡಿ ಕೊಡಿ,” ಎಂದು ಗದ್ದಲ ಎಬ್ಬಿಸಿದರು. ಆ ಗದ್ದಲದಲ್ಲಿ ಅಕ್ಷರ ದಾಟಿತು. ಮೇಷ್ಟ್ರಿಗೆ ಸಕ್ಕರೆ ಕಾಯಿಲೆ ಇಲ್ಲ, ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಸಿಹಿ ಕುಡಿಯುವವರು ಅವರೇ ಎಂದು ಮದುವೆಯಾದ ಮೇಲೆ ಪವಿತ್ರ ಹೇಳಿದಳು.

ಕೇಳಿಸಿತ್ತೇ ಎಂದು ನಾನು ಇವತ್ತಿನವರೆಗೂ ಕೇಳಿಲ್ಲ. ಅವರೂ ಹೇಳಿಲ್ಲ. ಪವಿತ್ರಳ ಮಗು ಈಗ ಫೋನು ಕಸಿದುಕೊಳ್ಳುವಷ್ಟು ದೊಡ್ಡದಾಗಿದೆ. ಆದರೂ ಒಂದು ಮುಳ್ಳು ಉಳಿದಿತ್ತು. ಆ ಆಷಾಢದ ಮಧ್ಯಾಹ್ನ, ನಮ್ಮ ಮಾತು ಮುಗಿದ ಮೇಲೆ, ಮೇಷ್ಟ್ರ ಅಡುಗೆಮನೆಯಲ್ಲಿ ಗಂಡ ಹೆಂಡತಿ ನನ್ನ ಬಗ್ಗೆ ಏನು ಮಾತಾಡಿಕೊಂಡಿರಬಹುದು? ಕನಿಕರಪಟ್ಟರೇ? ನಕ್ಕರೇ? ಕನಿಕರಕ್ಕಿಂತ ನಗುವೇ ಮೇಲು ಅನ್ನುವ ಜಾತಿ ನಾನು.

ಇವತ್ತು ಮಧ್ಯಾಹ್ನ ಸೊಪ್ಪು ಕಟ್ಟುತ್ತಿದ್ದಾಗ ಮೇಷ್ಟ್ರು ಫೋನು ಮಾಡಿದ್ದರು. ಮಗುವಿನ ಕೆಮ್ಮು, ಮಳೆ, ಸೊಪ್ಪಿನ ಬಣ್ಣ, ಎಲ್ಲ ಆಯಿತು. “ಮಡಗ್ಲಾ ಬೀಗ್ರೆ?” “ಮಡಗಿ ಬೀಗ್ರೆ.” “ನೀವು ಮಡಗಿ.” ಆ ಕಡೆ ಮೇಷ್ಟ್ರು ಫೋನು ಕೆಳಗಿಟ್ಟ ಸದ್ದಾಯಿತು. ಪರದೆ ನೋಡಿದೆ. ಸೆಕೆಂಡುಗಳು ಓಡುತ್ತಲೇ ಇದ್ದವು. ಆ ಕಡೆ ಪಾತ್ರೆಯ ಸದ್ದು. ಆಮೇಲೆ ಮೇಷ್ಟ್ರ ದನಿ, ನನ್ನ ಜೊತೆಗಲ್ಲ, ಹೆಂಡತಿಯ ಜೊತೆ.

“ನಮ್ಮ ಬೀಗ್ರು ಇದಾರಲ್ಲ, ಅವ್ರು...”

ಮುಂದಿನ ಮಾತು ಅವರ ಬಾಯಲ್ಲಿತ್ತು. ನನ್ನ ಬೆರಳುಗಳೆಲ್ಲ ಅಂಟು. ಕಿರುಬೆರಳನ್ನು ಪಂಚೆಗೆ ಉಜ್ಜಿ ಉಜ್ಜಿ ಕೆಂಪು ಚುಕ್ಕೆಯ ಮೇಲೆ ಒತ್ತಿದೆ. ನಿಜವಾಗಿಯೂ ಕಟ್ಟಾಯಿತೇ ಎಂದು ಇನ್ನೊಮ್ಮೆ ನೋಡಿದೆ. ಆಗಿತ್ತು.

“ಏನಂದ್ರು ಬೀಗ್ರು?” ಎಂದಳು ಜಯಮ್ಮ, ಸೊಪ್ಪಿನಿಂದ ಕಣ್ಣೆತ್ತದೆ.

“ಗೊತ್ತಿಲ್ಲ,” ಅಂದೆ. “ಈ ಸಲ ನಾನೇ ಮೊದ್ಲು ಮಡಗ್ಬುಟ್ಟೆ.”